ನಾಲ್ಕನೆಯ ಸಾಲು

ನಮ್ಮ ಮನೆಯಲ್ಲಿ ಅಂಕಿತವಿಲ್ಲದ ಹಾಡನ್ನು ದೇವರ ಮುಂದೆ ಹಾಡುವಂತಿರಲಿಲ್ಲ. ಹಾಡು ಎಷ್ಟೇ ಇಂಪಾಗಿರಲಿ, ಅದರ ಕೊನೆಯ ಸಾಲಿನಲ್ಲಿ ಗವಿಯ ಸೋಮೇಶನ ಹೆಸರು ಬಾರದಿದ್ದರೆ ಅದು ಹೊಲಕ್ಕೆ, ಕಣಕ್ಕೆ, ಹೆಚ್ಚೆಂದರೆ ಅಡುಗೆಮನೆಗೆ ಸಲ್ಲುವ ಹಾಡು. ದೇವರ ಕೋಣೆಯ ಹೊಸ್ತಿಲನ್ನು ದಾಟುವ ಯೋಗ್ಯತೆ ಅದಕ್ಕಿಲ್ಲ. ಇದು ನನ್ನ ತಂದೆಯವರು ಮಾಡಿದ ಕಟ್ಟಳೆಯಲ್ಲ, ಅವರ ತಂದೆಯವರ ಕಾಲದಿಂದ ಬಂದದ್ದು. ಅದಕ್ಕಾಗಿಯೇ ಒಂದು ಪುಸ್ತಕವಿತ್ತು. ಕೆಂಪು ಬಟ್ಟೆಯ ರಟ್ಟು, ವಿಭೂತಿಯ ಧೂಳು ಹಿಡಿದ ಅಂಚು. ಮನೆಯಲ್ಲಿ ಹೊಸ ಹಾಡೊಂದು ಹುಟ್ಟಿದರೆ, ಅಥವಾ ಯಾರಾದರೂ ಬೇರೆ ಊರಿನಿಂದ ಕಲಿತು ತಂದರೆ, ಮೊದಲು ಅದನ್ನು ಆ ಪುಸ್ತಕಕ್ಕೆ ಬರೆಯಬೇಕು, ಆಮೇಲೆ ಹಾಡಬೇಕು. ಹಾಡುವವರ ಪಕ್ಕದಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಪ್ರತಿ ಸಾಲನ್ನೂ ಅವರು ಹಾಡುವುದಕ್ಕೆ ಮುಂಚೆ ಮೆಲ್ಲಗೆ ಹೇಳಿಕೊಡಬೇಕು. ಇದಕ್ಕೆ ನಮ್ಮಲ್ಲಿ ಸಾಲು ಕೊಡುವುದು ಎನ್ನುತ್ತಿದ್ದರು. ಎಂಟನೆಯ ವಯಸ್ಸಿನಿಂದ ಆ ಪುಸ್ತಕ ಮನೆಯನ್ನು ಬಿಡುವವರೆಗೆ ಸಾಲು ಕೊಟ್ಟವಳು ನಾನು. ನನ್ನ ಅಕ್ಷರ ದುಂಡಗಿತ್ತು, ನಾಲಗೆ ಸ್ಪಷ್ಟವಾಗಿತ್ತು. ಆ ಎರಡರ ಬಗ್ಗೆಯೂ ನನಗೆ ಹೆಮ್ಮೆಯಿತ್ತು.

ಆ ಪುಸ್ತಕ ಈಗ ಮಧುಗಿರಿಯ ನಮ್ಮ ಮನೆಯಲ್ಲಿ, ನಾನು ಇದನ್ನು ಬರೆಯುತ್ತಿರುವ ಮೇಜಿನ ಮೇಲೆಯೇ ಇದೆ. ಕಳೆದ ತಿಂಗಳು ಅದನ್ನು ತಂದುಕೊಟ್ಟವಳು ನನ್ನ ಅಕ್ಕನ ಮೊಮ್ಮಗಳು ಸಿಂಚನ. ಪಾವಗಡದ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಬಿಡುವಿನಲ್ಲಿ ತಾನೇ ಹಾಡು ಕಟ್ಟಿ, ಗಿಟಾರ್ ನುಡಿಸುತ್ತ ಹಾಡುತ್ತಾಳೆ. ಎಂಟು ಹಾಡುಗಳ ಆಲ್ಬಂ ಸಿದ್ಧವಾಗಿದೆ, ಊರಿಗೆಲ್ಲ ಕೇಳಿಸುವ ಮುಂಚೆ ನೀವು ಕೇಳಬೇಕು ಎಂದು ಫೋನನ್ನು ನನ್ನ ಮುಂದಿಟ್ಟಳು.

"ಇದು ಯಾವ ಪದ್ಧತಿಯ ಸಂಗೀತವಮ್ಮ?" ಎಂದು ಕೇಳಿದೆ.

"ಕಂಟ್ರಿ ಅಂತಾರೆ ಚಿಕ್ಕಜ್ಜಿ. ಅಮೆರಿಕದ ಹಳ್ಳಿ ಕಡೆಯೋರು ಗಿಟಾರ್ ಇಟ್ಕೊಂಡು ತಮ್ಮನೆ ಕಥೆ, ತಮ್ಮೂರ ಕಥೆ ಹೇಳ್ಕೊಂತಾರಲ್ಲ, ಅದು. ನಾನು ಅದ್ರೊಳಗೆ ನಮ್ ತತ್ವಪದ ಹಾಕಿದೀನಿ, ತಮಟೆ ಹಾಕಿದೀನಿ, ಪಾವಗಡದ ತೆಲುಗು ಹಾಕಿದೀನಿ. ಒಂದ್ಕಡೆ ನಿಮ್ ನೀಲಾಂಬರಿ ರಾಗಾನೂ ಐತೆ. ಬೈಬೇಡಿ ಮತ್ತೆ."

"ಹೆಸರೇನಿಟ್ಟಿದ್ದೀಯೆ?"

"ಬೆರಕೆ ಸೊಪ್ಪು."

ನನಗರಿವಿಲ್ಲದೆ ನಗು ಬಂತು. ಆ ಮಾತು ನಮ್ಮ ಮನೆಯ ಮಾತು. ಅವಳ ಹಾಡುಗಳ ವಿಷಯವನ್ನು ಹೇಳುವ ಮೊದಲು ಆ ಮನೆಯ ವಿಷಯವನ್ನು ಹೇಳಬೇಕು.

ಕೊಳಾಲಕ್ಕೆ ಸಮೀಪದ ಒಂದು ಸಣ್ಣ ಊರು. ಊರಿನ ಬೆನ್ನಿಗೆ ಬೋಳು ಬಂಡೆಯ ಬೆಟ್ಟ. ಆ ಬಂಡೆಯ ಹೊಟ್ಟೆಯಲ್ಲಿ ಸೋಮೇಶನ ಗವಿ. ನನ್ನ ತಂದೆ ಆ ಗವಿಯ ಅರ್ಚಕರು. ನಾವು ಅವರನ್ನು ಅಪ್ಪಾಜಿ ಎನ್ನುತ್ತಿದ್ದೆವು. ಬಾಲ್ಯದಲ್ಲಿ ಮಠವೊಂದರಲ್ಲಿದ್ದು ಹಳಗನ್ನಡ ಕಾವ್ಯಗಳನ್ನೂ ಸಂಗೀತವನ್ನೂ ಕಲಿತು ಬಂದಿದ್ದ ಅವರಿಗೆ, ಬೆಳಗಿನ ಲಿಂಗಪೂಜೆಯೂ ನನಗೆ ಹೇಳಿಕೊಡುವ ಪಾಠವೂ ಒಂದೇ ತೂಕದ ಕರ್ತವ್ಯಗಳಾಗಿದ್ದವು. ಮನೆ ಮಣ್ಣಿನ ಮಾಳಿಗೆಯದು; ಕಲ್ಲು ಕಂಬ, ಹೊಗೆಗೆ ಕಪ್ಪಾದ ತೊಲೆಗಳು, ನಡುಮನೆಯ ಮೇಲೆ ಒಂದೇ ಒಂದು ಬೆಳಕಿಂಡಿ. ಆ ಕಿಂಡಿಯ ಬಿಸಿಲು ಬೆಳಿಗ್ಗೆ ರಾಗಿ ಬೀಸುವ ಕಲ್ಲಿನ ಮೇಲೆ ಬೀಳುತ್ತಿತ್ತು. ಹೊತ್ತು ಏರಿದಂತೆ ನೆಲದ ಮೇಲೆ ತೆವಳಿಕೊಂಡು ಹೋಗಿ, ಊಟದ ಹೊತ್ತಿಗೆ ತೊಟ್ಟಿಲಿನ ಕೆಳಗೆ ನಿಲ್ಲುತ್ತಿತ್ತು. ನಮಗೆ ಗಡಿಯಾರ ಬೇಕಿರಲಿಲ್ಲ. ಬಿಸಿಲು ತೊಟ್ಟಿಲನ್ನು ಮುಟ್ಟಿತೆಂದರೆ ಅವ್ವ ಮುದ್ದೆಯ ಮಡಕೆಯನ್ನು ಇಳಿಸುತ್ತಿದ್ದಳು.

ಬೀಸುವ ಕಲ್ಲು ನನ್ನ ಅಕ್ಕ ಶಿವಮ್ಮನದು. ನನಗಿಂತ ಐದು ವರ್ಷ ದೊಡ್ಡವಳು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು, ಬಿಡಿಸಲ್ಪಟ್ಟವಳು ಎನ್ನುವುದೇ ಸರಿ, ಏಕೆಂದರೆ ಅವ್ವನ ಮೈಯಲ್ಲಿ ಕಸುವು ಕಡಿಮೆ, ಮನೆಗೆ ಇನ್ನೊಂದು ಕೈ ಬೇಕಿತ್ತು. ಒಂದೊಂದು ಅಕ್ಷರವನ್ನು ಕೂಡಿಸಿ ಓದುತ್ತಿದ್ದಳೇ ಹೊರತು ಬರೆಯಲು ನಾಚುತ್ತಿದ್ದಳು. ಆದರೆ ಒಮ್ಮೆ ಕಿವಿಗೆ ಬಿದ್ದ ಹಾಡು ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ. ಅಪ್ಪಾಜಿ ಪಡಸಾಲೆಯಲ್ಲಿ ಶ್ರುತಿಪೆಟ್ಟಿಗೆಯ ಮುಂದೆ ನನ್ನನ್ನು ಕೂರಿಸಿ ಒಂದು ರಾಗವನ್ನು ವಾರಗಟ್ಟಲೆ ತಿದ್ದುತ್ತಿದ್ದರೆ, ಅಕ್ಕ ಒಳಗೆ ಕಲ್ಲು ತಿರುಗಿಸುತ್ತ ಅದನ್ನು ಎರಡನೆಯ ದಿನಕ್ಕೇ ಹಾಡಿಬಿಡುತ್ತಿದ್ದಳು. ಹಾಡಿ, ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಕಡಲೇಕಾಯಿ ಕೀಳಲು ಪಾವಗಡದ ಕಡೆಯಿಂದ ಬಂದು ನಮ್ಮ ಕಣದಲ್ಲಿ ಇಳಿದುಕೊಳ್ಳುತ್ತಿದ್ದ ಹೆಂಗಸರ ತೆಲುಗು ಪದವನ್ನು ಅದಕ್ಕೆ ಸೇರಿಸುವಳು. ಸಿರಾದಿಂದ ಬರುತ್ತಿದ್ದ ಬಳೆಯ ಸಾಬರು ಅಳುವ ಮಕ್ಕಳ ಕೈಗೆ ಬಳೆ ಏರಿಸುವಾಗ ಗುನುಗುತ್ತಿದ್ದ ಉರ್ದು ಮಾತನ್ನು ಸೇರಿಸುವಳು. ಕೊನೆಗೆ ತನ್ನದೇ ಎರಡು ಸಾಲು ಕಟ್ಟಿ ಮುಗಿಸುವಳು. ಪಡಸಾಲೆಯಿಂದ ಅಪ್ಪಾಜಿಯ ಧ್ವನಿ ಬರುತ್ತಿತ್ತು.

"ಏನಮ್ಮ ಶಿವೂ, ಅದು ನೀಲಾಂಬರಿಯೋ, ಸಿರಾ ಸಂತೆಯೋ?"

"ಎಲ್ಡೂ ಕಣಪ್ಪಾಜಿ!"

"ಬೆರಕೆ ಮಾಡಬೇಡವೇ. ರಾಗಕ್ಕೆ ಒಂದು ಮರ್ಯಾದೆ ಅಂತಿದೆ."

ಆಗ ಅವ್ವ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು. ಮಳೆ ಬಿದ್ದ ವಾರದಲ್ಲಿ ಹೊಲದ ಬದುಗಳಲ್ಲಿ ತಾನಾಗಿ ಎದ್ದ ಅಣ್ಣೆ, ಗೋಣಿ, ಹೊನಗೊನೆ, ಗಣಿಕೆ, ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಲಿಗೆ ತುಂಬಿಕೊಂಡು ಬಂದು, ಅವರೆಕಾಳಿನೊಡನೆ ಬೇಯಿಸಿ ಮಸೆದು ಮಾಡುವ ಬೆರಕೆ ಸೊಪ್ಪಿನ ಸಾರು ಎಂದರೆ ಅಪ್ಪಾಜಿಗೆ ಪ್ರಾಣ.

"ಸೊಪ್ಪು ಬೆರಕೆಯಾದ್ರೆ ಎಲ್ಡು ಮುದ್ದೆ ಉಣ್ತೀರಿ. ಹಾಡು ಬೆರಕೆಯಾದ್ರೆ ಮಾತ್ರ ಅದೆಂಗೆ ನಿಮ್ಗೆ ಗಂಟ್ಲಾಗೆ ಸಿಕ್ಕಾಕ್ಕಂತದೆ?"

ಅಪ್ಪಾಜಿ ಗಂಭೀರವಾಗಿರಲು ಪ್ರಯತ್ನಿಸಿ ಸೋಲುತ್ತಿದ್ದರು. ನಾನು ಮಾತ್ರ ಆ ಜಗಳದಲ್ಲಿ ಯಾವಾಗಲೂ ಅಪ್ಪಾಜಿಯ ಪಕ್ಷ. ಅವರು ನಗುತ್ತ ಬಿಟ್ಟುಬಿಡುತ್ತಿದ್ದ ತಪ್ಪುಗಳನ್ನು ನಾನು ಬಿಡುತ್ತಿರಲಿಲ್ಲ. ಅಕ್ಕನ ಬಳಿಗೆ ಹೋಗಿ ನಿಂತು, ಆ ರಾಗದಲ್ಲಿ ಆ ಸ್ವರವಿಲ್ಲ ಎಂದು ಹೇಳಿ ಬರುತ್ತಿದ್ದೆ. ಅವಳು ಹಿಟ್ಟು ಮೆತ್ತಿದ ಕೈಯಿಂದ ನನ್ನ ಮೂಗನ್ನು ಹಿಂಡಿ, "ಬಂದ್ಬುಟ್ಳು ಪಂಡಿತಮ್ಮ" ಎನ್ನುತ್ತಿದ್ದಳು.

ತೊಟ್ಟಿಲಿನಲ್ಲಿದ್ದವಳು ನಮ್ಮ ಮೂರನೆಯವಳು. ಅವಳ ಹೆಸರನ್ನು ಬರೆಯಬೇಕಾದ ಜಾಗ ಬಂದಾಗ ಬರೆಯುತ್ತೇನೆ. ಅವ್ವ ಹೆತ್ತಳು ಎಂಬುದನ್ನು ಬಿಟ್ಟರೆ ಆ ಮಗು ಅಕ್ಕನ ಮಗುವೇ. ಅಕ್ಕನ ಸೊಂಟದ ಮೇಲೆ ಬೆಳೆಯಿತು. ಅಕ್ಕನ ಹಾಡಿಲ್ಲದೆ ಕಣ್ಣು ಮುಚ್ಚುತ್ತಿರಲಿಲ್ಲ. ಅದಕ್ಕೆಂದೇ ಅಕ್ಕ ಒಂದು ಜೋಗುಳ ಕಟ್ಟಿದ್ದಳು. ನಾಲ್ಕೇ ಸಾಲು. ನಾಲ್ಕನೆಯ ಸಾಲಿನ ಕೊನೆಯಲ್ಲಿ ಮಗುವಿನ ಹೆಸರು. ಹೆಸರು ಬರುವ ಹೊತ್ತಿಗೆ ಸರಿಯಾಗಿ ಮಗು ಅರೆಗಣ್ಣಿನಲ್ಲೇ ಬೆರಳೆತ್ತಿ ತನ್ನ ಎದೆಯನ್ನು ಮುಟ್ಟಿ ತೋರಿಸಿಕೊಳ್ಳುತ್ತಿತ್ತು. ಅದನ್ನು ನೋಡಲೆಂದು ನಾವೆಲ್ಲ, ಪೂಜೆಯಿಂದೆದ್ದ ಅಪ್ಪಾಜಿಯೂ ಸಹ, ಬೇರೇನೋ ಕೆಲಸವಿರುವವರಂತೆ ನಡುಮನೆಗೆ ಬಂದು ನಿಲ್ಲುತ್ತಿದ್ದೆವು.

ಮೂರು ತುಂಬುವ ಮೊದಲೇ ಆ ಮಗು ನಾಲ್ಕು ದಿನದ ಜ್ವರದಲ್ಲಿ ಶಿವನ ಪಾದ ಸೇರಿತು. ನಾನು ಆಗ ಹನ್ನೊಂದು ವರ್ಷದವಳು. ಗವಿಯ ಕೆಳಗಿನ ನಮ್ಮ ಹೊಲದ ಮೂಲೆಯಲ್ಲಿ ಸಣ್ಣ ಗುಂಡಿ ತೋಡಿದ್ದನ್ನು ನೋಡಿದೆ; ಮುಂದಿನದನ್ನು ನೋಡಲು ನನ್ನನ್ನು ಬಿಡಲಿಲ್ಲ. ಹತ್ತು ದಿನ ಕಳೆದ ಮೇಲೆ ನೆರೆಯ ಹೆಂಗಸೊಬ್ಬಳು ಮಾತನಾಡಿಸಲು ಬಂದು ಮಗುವಿನ ಹೆಸರು ಹಿಡಿದು ಮರುಗಿದಳು. ಅವ್ವ ಕುಳಿತಲ್ಲಿಯೇ ಪ್ರಜ್ಞೆ ತಪ್ಪಿ ಬಿದ್ದಳು. ಇನ್ನೊಮ್ಮೆ ಹಾಗೆಯೇ ಆಯಿತು. ಎರಡನೆಯ ಸಲ ಅವಳ ಮುಖಕ್ಕೆ ನೀರು ಚಿಮುಕಿಸಿ ಎಚ್ಚರಿಸಿದ ಮೇಲೆ ಅಪ್ಪಾಜಿ ಹೊರಗೆ ಬಂದು, ಕಂಬಕ್ಕೆ ಕೈಯೂರಿ, ನಮ್ಮಿಬ್ಬರಿಗೂ ಹೇಳಿದರು.

"ಆ ಹೆಸರು ಸದ್ಯಕ್ಕೆ ಈ ಮನೆಯಲ್ಲಿ ಬೇಡ ಮಕ್ಕಳೇ. ನಿಮ್ಮವ್ವ ಒಬ್ಬಳಾದರೂ ಉಳಿಯಲಿ."

ತೊಟ್ಟಿಲು ಅಟ್ಟಕ್ಕೆ ಹೋಯಿತು. ಅದನ್ನು ತೂಗುಹಾಕಿದ್ದ ಎರಡು ಕಬ್ಬಿಣದ ಬಳೆಗಳು ಮಾತ್ರ ತೊಲೆಯಲ್ಲಿ ಉಳಿದವು. ಮಧ್ಯಾಹ್ನದ ಬಿಸಿಲು ಎಂದಿನಂತೆ ಬಂದು ಏನೂ ಇಲ್ಲದ ನೆಲದ ಮೇಲೆ ನಿಲ್ಲುತ್ತಿತ್ತು. ಅವ್ವ ಮುದ್ದೆಯ ಮಡಕೆ ಇಳಿಸುವುದನ್ನು ಮರೆಯುತ್ತಿದ್ದಳು. ಅಕ್ಕ ಹಾಡುವುದನ್ನು ನಿಲ್ಲಿಸಿದಳು. ಕಲ್ಲಿನ ಸದ್ದೊಂದೇ ಕೇಳುತ್ತಿತ್ತು. ಸೋಮವಾರದ ಭಜನೆಯಲ್ಲಿ ಅವಳ ಸರದಿ ಬಂದಾಗ ತಲೆ ಅಲ್ಲಾಡಿಸಿ ಬಿಡುತ್ತಿದ್ದಳು. ಆರು ತಿಂಗಳು ಹೀಗೆ ಕಳೆಯಿತು.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಅವಳು ಅಪ್ಪಾಜಿಯ ಮುಂದೆ ಹೋಗಿ ನಿಂತಳು.

"ಇವತ್ತು ಭಜನೇಲಿ ನಾನು ಹಾಡ್ತೀನಿ ಅಪ್ಪಾಜಿ. ಆ ಜೋಗುಳಾನೇ."

ಅಪ್ಪಾಜಿ ಬಿಲ್ವಪತ್ರೆ ಆರಿಸುತ್ತಿದ್ದರು. ಹುಳು ತಿಂದ ಎಲೆಯೊಂದನ್ನು ತೆಗೆದು ಪಕ್ಕಕ್ಕಿಟ್ಟರು.

"ಪುಸ್ತಕಕ್ಕೆ ಬರೆಸಮ್ಮ," ಎಂದರು. "ಪಾರ್ವತಿ ಬರೆದುಕೊಡಲಿ. ಬರೆಸಿ ಹಾಡು."

ಅಷ್ಟೇ ಹೇಳಿದರು. ತೆಲುಗು ಬೇಡ ಎನ್ನಲಿಲ್ಲ, ಉರ್ದು ಬೇಡ ಎನ್ನಲಿಲ್ಲ, ಅಂಕಿತದ ಮಾತನ್ನೇ ಎತ್ತಲಿಲ್ಲ. ಆ ಮಾತು ಎಷ್ಟು ದೊಡ್ಡ ಅನುಮತಿಯಾಗಿತ್ತು ಎಂಬುದು ಹನ್ನೊಂದು ವರ್ಷದ ಪಂಡಿತಮ್ಮನಿಗೆ ತಿಳಿಯಲಿಲ್ಲ.

ಬೀಸುವ ಕಲ್ಲಿನ ಪಕ್ಕದಲ್ಲಿ ಕುಳಿತು ಬರೆದುಕೊಂಡೆ. ಅಕ್ಕ ಕಲ್ಲನ್ನು ನಿಲ್ಲಿಸದೆ, ಹಾಡದೆ, ಬರಿಯ ಮಾತಿನಲ್ಲಿ ಹೇಳುತ್ತಿದ್ದಳು. ಗೊತ್ತಿದ್ದ ಸಾಲುಗಳೇ; ಮೂರನೆಯದರಲ್ಲಿ ಮಲಗು ಎಂಬ ಮಾತೇ ತೆಲುಗಿನಲ್ಲೊಮ್ಮೆ, ಉರ್ದುವಿನಲ್ಲೊಮ್ಮೆ.

ಹೊಲದ ಗುಬ್ಬಿ ಗೂಡಿಗೆ ಬಂತು, ಮಲಗೇ
ಗವಿಯ ದೀಪ ಕಣ್ಣು ಮುಚ್ತು, ಮಲಗೇ
ಪಂಡುಕೋವೇ ಪಾಪ, ಸೋಜಾ ಬೇಟಿ

"ಕೊನೇ ಸಾಲು ನಿಂಗೆ ಗೊತ್ತಲ್ಲ," ಎಂದಳು. "ಅಂಗೇ ಬರಿ."

"ಅಂಕಿತ ಬೇಡವೇನೇ ಅಕ್ಕ?"

ಕಲ್ಲು ನಿಂತಿತು.

"ಅದೇ ಅಂಕಿತ ಕಣೇ," ಎಂದಳು.

ನಾನು ಪುಸ್ತಕವನ್ನು ಹಿಡಿದುಕೊಂಡು ಪಡಸಾಲೆಗೆ ಬಂದೆ. ನಾಲ್ಕನೆಯ ಸಾಲಿನ ಜಾಗ ಖಾಲಿಯಿತ್ತು. ಆ ಜಾಗದ ಮುಂದೆ ನಾನು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಅವ್ವ ಮತ್ತೆ ಬಿದ್ದರೆ ಎಂಬ ಭಯವಿತ್ತು, ಸುಳ್ಳಲ್ಲ. ಅಪ್ಪಾಜಿ ಬೇಡವೆಂದ ಹೆಸರನ್ನು ದೇವರ ಪುಸ್ತಕದಲ್ಲಿ ಬರೆಯುವುದು ಹೇಗೆ ಎಂಬ ಅಂಜಿಕೆಯೂ ಇತ್ತು. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿರುವುದು ಇವೆರಡನ್ನೇ. ಆದರೆ ಇವುಗಳ ಕೆಳಗೆ ಇನ್ನೊಂದಿತ್ತು. ಮಾತ್ರೆಗಳನ್ನು ಬೆರಳಿನಲ್ಲಿ ಎಣಿಸಿ, ಅಕ್ಕನ ಧಾಟಿಗೆ ಸರಿಯಾಗಿ ಕೂರುವ ಒಂದು ಅಂಕಿತವನ್ನು ನಾನೇ ಕಟ್ಟಬಲ್ಲೆನೆಂಬುದು ಹೊಳೆದುಬಿಟ್ಟಿತ್ತು. ಅಪ್ಪಾಜಿ ಮೆಚ್ಚುವರು ಎಂದುಕೊಂಡೆ. ದುಂಡಗೆ ಬರೆದೆ:

ಕಾಯುವ ಗವಿಯ ಸೋಮೇಶ, ಮಲಗೇ

ಸಂಜೆ ದೀಪ ಹಚ್ಚಿದರು. ಅವ್ವನನ್ನು ಅಪ್ಪಾಜಿಯೇ ಕೈಹಿಡಿದು ಕರೆತಂದು ದೇವರ ಕೋಣೆಯ ಹೊಸ್ತಿಲ ಪಕ್ಕದಲ್ಲಿ, ಕಂಬಕ್ಕೆ ಒರಗಿಸಿ ಕೂರಿಸಿದರು. ಎಂದೂ ಇಲ್ಲದೆ ಅಂದು ಅವಳ ಪಕ್ಕದಲ್ಲೇ ಕುಳಿತುಕೊಂಡರು. ಅಕ್ಕ ಶ್ರುತಿಗೆ ಕಿವಿಗೊಟ್ಟು ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದಳು. ಆರು ತಿಂಗಳು ಕಟ್ಟಿಟ್ಟ ಧ್ವನಿ ಅದು. ಎರಡನೆಯ ಸಾಲು ಕೊಟ್ಟೆ. ಮೂರನೆಯದು ಕೊಟ್ಟೆ. ಅವ್ವ ಮುಖವೆತ್ತಿದಳು. ಆರು ತಿಂಗಳಲ್ಲಿ ಮೊದಲ ಬಾರಿಗೆ ಅವಳ ಕಣ್ಣು ಏನನ್ನೋ ನೋಡುತ್ತಿತ್ತು. ಆಗ ನಾನು ನಾಲ್ಕನೆಯ ಸಾಲನ್ನು, ನನ್ನ ಸಾಲನ್ನು, ಸ್ಪಷ್ಟವಾಗಿ ಕೊಟ್ಟೆ.

ಅಕ್ಕ ಕಣ್ಣು ತೆರೆದಳು. ನನ್ನನ್ನಲ್ಲ, ಅಪ್ಪಾಜಿಯನ್ನು ನೋಡಿದಳು. ಅಪ್ಪಾಜಿ ನನ್ನನ್ನು ನೋಡಿದರು. ಶ್ರುತಿಪೆಟ್ಟಿಗೆ ಒಂದೇ ಸಮನೆ ಮೊರೆಯುತ್ತಿತ್ತು. ಅಕ್ಕ ತುಟಿಗಳನ್ನು ಒತ್ತಿ ಮುಚ್ಚಿಕೊಂಡು, ಆ ಸಾಲಿನ ಧಾಟಿಯನ್ನು ಮಾತಿಲ್ಲದೆ ಗುನುಗಿ ಮುಗಿಸಿ, ಕೈಮುಗಿದು ಎದ್ದುಹೋದಳು. ಅವ್ವನ ಮುಖ ಮತ್ತೆ ಕೆಳಗಿಳಿಯಿತು. ಅಪ್ಪಾಜಿ ಮಂಗಳಾರತಿಗೆ ಕರ್ಪೂರ ಹಚ್ಚುವಾಗ ಎರಡು ಕಡ್ಡಿಗಳು ಆರಿದವು.

ಮರುದಿನ ಬಾವಿಯ ಬಳಿ ಅಕ್ಕ ಕೇಳಿದಳು.

"ಅಪ್ಪಾಜಿ ಹೇಳಿ ಬರ್ಸಿದ್ರಾ?"

ನಾನು ಹಗ್ಗವನ್ನು ಎಳೆಯುತ್ತಿದ್ದೆ. ಕೊಡ ಮೇಲೆ ಬರುವವರೆಗೂ ಸುಮ್ಮನಿದ್ದೆ. ಬಂದ ಮೇಲೂ ಸುಮ್ಮನಿದ್ದೆ.

"ಅಂಗಾದ್ರೆ ಸರಿ ಬುಡು," ಎಂದು ಅವಳು ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೋದಳು.

ನಾನು ಸುಳ್ಳು ಹೇಳಲಿಲ್ಲ. ಸುಳ್ಳನ್ನು ಹೇಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅಪ್ಪಾಜಿ ನನ್ನನ್ನು ಬೈಯಲಿಲ್ಲ. ಪಾಠ ಹೇಳುವಾಗ ಒಮ್ಮೆ ಮಾತ್ರ, "ಎಲ್ಲವನ್ನೂ ತಿದ್ದಬಾರದಮ್ಮ" ಎಂದು ಹೇಳಿ ಮುಂದಿನ ಪದ್ಯಕ್ಕೆ ಹೋದರು. ತಾವು ಹೇಳಿ ಬರೆಸಿದ್ದಲ್ಲವೆಂದು ಅವರು ಅಕ್ಕನಿಗೆ ತಿಳಿಸಬಹುದಾಗಿತ್ತು. ತಿಳಿಸಿದರೆ ಅಕ್ಕತಂಗಿಯರ ನಡುವೆ ಬಿರುಕು ಬೀಳುವುದೆಂದು ತಡೆದಿರಬೇಕು. ಆ ಭಾರವನ್ನು ತಾವೇ ಹೊತ್ತರು. ಅದಾದ ಕೆಲವು ದಿನಗಳಿಗೆ ಅವ್ವ ಮೊರದಲ್ಲಿ ಹುರುಳಿಯ ಕಲ್ಲು ಆರಿಸುತ್ತ ಕುಳಿತಿದ್ದವಳು, ನನ್ನನ್ನು ನೋಡದೆ, ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು.

"ಅವಳ ಹೆಸರು ಬರ್ತದೆ ಅಂತ ಕಾಯ್ತಾ ಕುಂತಿದ್ದೆ ಕಣ್ ಮಗ. ನಿಮ್ಮಪ್ಪಾಜಿ ಮೊದ್ಲೇ ಹೇಳಿದ್ರು, ಕೇಳಿ ಒಂದ್ಸಲ ಅತ್ತುಬುಡು, ಹಗುರಾಯ್ತೀಯ ಅಂತ. ಅದೇನೋ, ಅದೊಂದು ಬರ್ಲೇ ಇಲ್ಲ."

ನಾನು ಎದ್ದು ಹಿತ್ತಲಿಗೆ ಹೋದೆ. ಅವ್ವ ಆ ಬಳಿಕ ಮೂರು ವರ್ಷ ಬದುಕಿದ್ದಳು. ಒಮ್ಮೆಯೂ ಜೋರಾಗಿ ಅತ್ತದ್ದನ್ನು ನಾನು ಕಾಣಲಿಲ್ಲ.

ಅಕ್ಕನನ್ನು ಸಿರಾ ಕಡೆಯ ಮದಲೂರಿಗೆ ಕೊಟ್ಟರು. ಹೊರಡುವ ದಿನ ಅಪ್ಪಾಜಿ ಆ ಕೆಂಪು ಪುಸ್ತಕವನ್ನು ಅವಳ ಕೈಗಿತ್ತರು. ಮನೆಯ ಹಾಡುಗಳೆಲ್ಲ ಇನ್ನು ಮೇಲೆ ನಿನ್ನವು ಎಂದಷ್ಟೇ ಹೇಳಿದರು. ಅವಳು ನಮಸ್ಕರಿಸಿ ತೆಗೆದುಕೊಂಡಳು. ಅವರ ಮುಖವನ್ನು ನೋಡಲಿಲ್ಲ. ಅಪ್ಪಾಜಿ ಲಿಂಗೈಕ್ಯರಾದಾಗ ಬಂದಳು, ಹೂವು ಹಾಕಿದಳು, ಅಂದೇ ಮರಳಿದಳು. ನಾನು ಓದಿ ಕನ್ನಡ ಪಂಡಿತೆಯಾದೆ, ಸಂಗೀತವನ್ನು ಕಲಿತು ನಾಲ್ಕಾರು ಮಕ್ಕಳಿಗೆ ಕಲಿಸಿದೆ. ಒಮ್ಮೆ ಮದಲೂರಿಗೆ ಹೋದಾಗ ಅವಳು ತನ್ನ ಮಗಳನ್ನು ಮಲಗಿಸುತ್ತಿದ್ದಳು. ಅದೇ ಜೋಗುಳ. ನಾನು ಹೊಸ್ತಿಲಲ್ಲಿ ನಿಂತು ಕೇಳಿದೆ. ಮೂರು ಸಾಲು ಹಾಡಿದಳು. ನಾಲ್ಕನೆಯದಕ್ಕೆ ತುಟಿ ಮುಚ್ಚಿ ಗುನುಗಿದಳು. ಆಗ ಹೇಳಬಹುದಿತ್ತು. ಅವಳು ಹಾಸಿಗೆ ಹಿಡಿದ ಕಡೆಯ ದಿನಗಳಲ್ಲಿಯೂ ಹೋದೆ. ಏನಾದರೂ ಹಾಡೇ ಎಂದಳು. ಸೋಮೇಶನ ಮೇಲಿನ ಅಪ್ಪಾಜಿಯ ರಚನೆಯೊಂದನ್ನು ಹಾಡಿದೆ. ಮುಗಿದ ಮೇಲೆ ನನ್ನ ಕೈಯನ್ನು ತಟ್ಟಿ ಹೇಳಿದಳು.

"ನಿನ್ ಶ್ರುತಿ ಯಾವತ್ತೂ ತಪ್ಪಾಕಿಲ್ಲ ಕಣೇ ಪಾರ್ವತಿ."

ಆಗಲೂ ನಾನು ಹೇಳಲಿಲ್ಲ.

ಈಗ ಸಿಂಚನಳ ಹಾಡುಗಳಿಗೆ ಬರುತ್ತೇನೆ. ಶಾಸ್ತ್ರ ಕಲಿತ ಕಿವಿಗೆ ತಪ್ಪು ಮೊದಲು ಕೇಳಿಸುತ್ತದೆ. ಮೊದಲ ಎರಡು ಹಾಡುಗಳಲ್ಲಿ ನಾನು ಕೇಳಿದ್ದು ಅವನ್ನೇ. ಮೂರನೆಯದರಲ್ಲಿ ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ಬಂತು. ಕಂಡಕ್ಟರ್ ಕನ್ನಡದಲ್ಲಿ ಟಿಕೆಟ್ ಕೇಳಿ ತೆಲುಗಿನಲ್ಲಿ ರೇಗುತ್ತಾನೆ. ಅವನ ರೇಗಾಟಕ್ಕೆ ತಮಟೆ ಹೆಜ್ಜೆ ಹಾಕುತ್ತದೆ. ನಾನು ನಕ್ಕುಬಿಟ್ಟೆ. ಐದನೆಯದು ರಾಗಿ ಬೀಸುವ ಹಾಡು. ಗಿಟಾರಿನ ತಂತಿಗಳು ಒಂದೇ ಸುತ್ತಿನಲ್ಲಿ ಗರಗರನೆ ತಿರುಗುತ್ತವೆ. ಅದರ ಮೇಲೆ ಧ್ವನಿ ಆಲಾಪನೆಯಂತೆ ಏರುತ್ತದೆ. ಇನ್ನೇನು ಷಡ್ಜಕ್ಕೆ ಹೋಗಿ ನಿಲ್ಲಬೇಕು, ಅಷ್ಟರಲ್ಲಿ, ತನ್ನೂರಿಗಿಂತ ಒಂದು ಮೈಲಿ ಮುಂಚೆಯೇ ಬಸ್ಸಿನಿಂದಿಳಿದು ಹೊಲದ ನಡುವೆ ನಡೆದುಹೋಗುವವಳಂತೆ, ಪಕ್ಕಕ್ಕೆ ಇಳಿದು ಜನಪದದ ಧಾಟಿಯಲ್ಲಿ ಸಾಗಿಬಿಡುತ್ತದೆ. ಆ ಇಳಿತ ನನಗೆ ಗೊತ್ತಿತ್ತು. ಆ ರಾಗದಲ್ಲಿ ಆ ಸ್ವರವಿಲ್ಲ ಎಂದು ನಾನು ಹಿಂದೆ ಯಾರಿಗೆ ಹೇಳುತ್ತಿದ್ದೆನೋ ಅವಳದೇ ಇಳಿತ. ಅದು ತಪ್ಪಾಗಿರಲಿಲ್ಲ, ಅವಳು ಮನೆಗೆ ಹೋಗುತ್ತಿದ್ದ ದಾರಿಯಾಗಿತ್ತು ಎಂಬುದನ್ನು ತಿಳಿಯಲು ನನಗೆ ಇಷ್ಟು ಆಯುಸ್ಸು ಬೇಕಾಯಿತು.

ಏಳನೆಯ ಹಾಡು ವಾದ್ಯವಿಲ್ಲದೆ ಶುರುವಾಯಿತು. ಹೊಲದ ಗುಬ್ಬಿ ಗೂಡಿಗೆ ಬಂತು. ಮೂರು ಸಾಲುಗಳು ಹಾಗೆಯೇ, ತೆಲುಗಿನೊಡನೆ, ಉರ್ದುವಿನೊಡನೆ. ನಾಲ್ಕನೆಯ ಸಾಲಿಗೆ ಧ್ವನಿ ನಿಂತು ಗಿಟಾರ್ ಒಂದೇ ನುಡಿಯಿತು. ಅನಂತರ ಸಿಂಚನ ತಾನೇ ಕಟ್ಟಿದ ನುಡಿ ಬಂತು:

ದೇವರ ಮುಂದೆ ಕೂತ ದೊಡ್ಡವರೇ
ಅಜ್ಜಿಯ ಬಾಯಿಂದ ತೆಗೆದಿರಿ ಒಂದು ಹೆಸರ
ಎಲ್ಲಿಟ್ಟಿರಿ, ಯಾವ ಪೆಟ್ಟಿಗೆಯಲ್ಲಿಟ್ಟಿರಿ?

ಅವಳು ಫೋನನ್ನು ನಿಲ್ಲಿಸಿ, ಚೀಲದಿಂದ ಕೆಂಪು ಪುಸ್ತಕವನ್ನು ತೆಗೆದಳು.

"ಮುತ್ತಾತ ಇಲ್ಲಿ ದೇವ್ರ ಹೆಸರು ಬರ್ಸಿದ್ದಾರೆ ನೋಡಿ. ಮೊದ್ಲು ಬೇರೆ ಯಾರ್ದೋ ಹೆಸರಿತ್ತಂತೆ. ಅಜ್ಜಿ ಅಷ್ಟೇ ಹೇಳೋಳು, ಯಾವ್ದು ಅಂತ ಕೇಳಿದ್ರೆ ಬಾಯೇ ಬಿಡ್ತಿರ್ಲಿಲ್ಲ. ಅದಕ್ಕೇ ಆ ಸಾಲು ಖಾಲಿ ಬಿಟ್ಟಿದೀನಿ. ನಿಮಗೆ ಗೊತ್ತಾ ಚಿಕ್ಕಜ್ಜಿ?"

ನನ್ನ ಅಕ್ಷರ ಅಲ್ಲಿತ್ತು. ದುಂಡಗೆ, ಒಂದು ಚಿತ್ತುಕಾಟೂ ಇಲ್ಲದೆ. ನಾನು ಸುಮ್ಮನಿದ್ದರೆ ಆ ನುಡಿ ಊರೂರಿಗೆ ಹೋಗುತ್ತದೆ, ನನ್ನ ತಂದೆಯವರು ಮಾಡದ ತಪ್ಪು ಅವರ ಹೆಸರಿನಲ್ಲಿ ಹಾಡಾಗಿ ಉಳಿಯುತ್ತದೆ. ಬಾವಿಯ ಹಗ್ಗ ನನ್ನ ಕೈಯಲ್ಲಿ ಇನ್ನೂ ಇತ್ತು.

"ಆ ಹೆಸರನ್ನು ತೆಗೆದವರು ನಿನ್ನ ಮುತ್ತಾತನಲ್ಲ ಮಗಳೇ," ಎಂದೆ. "ನಾನು."

"ಏನ್ ಚಿಕ್ಕಜ್ಜಿ, ತಮಾಷೆ ಮಾಡ್ತೀರಾ?" ಎಂದು ನಕ್ಕಳು. ನಾನು ನಗಲಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಗಿಟಾರಿನ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದಳು.

"ಅಜ್ಜಿ ಸಾಯೋವರ್ಗೂ ಮುತ್ತಾತನ ಮೇಲೆ ಕೋಪ ಇಟ್ಕೊಂಡಿದ್ಲು. ಅವ್ರ ಫೋಟೋಗೆ ಹೂವು ಮುಡಿಸ್ತಿರ್ಲಿಲ್ಲ. ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

ನಾನು ಪುಸ್ತಕವನ್ನು ಮುಚ್ಚಿದೆ. ಅವಳು ಸಮಾಧಾನ ಹೇಳಲಿಲ್ಲ. ಅದಕ್ಕಾಗಿ ಅವಳ ಬಗ್ಗೆ ನನಗೆ ಗೌರವವಿದೆ. ಎದ್ದು ಹೋಗಿ ನೀರು ಕುಡಿದು ಬಂದು, ಫೋನನ್ನು ನನ್ನ ಮುಂದೆ ಇಟ್ಟು, "ಹಾಡಿ," ಎಂದಳು. "ಆ ಸಾಲು."

ಅರವತ್ತು ವರ್ಷ ಸಾಧನೆ ಮಾಡಿದ ಗಂಟಲು. ಶ್ರುತಿ ಹಿಡಿಯಲು ಯತ್ನಿಸಿದೆ, ಬರಲಿಲ್ಲ. ಇನ್ನೊಮ್ಮೆ ಯತ್ನಿಸಿದೆ. ಕೊನೆಗೆ ಬಂದದ್ದು ಹಾಡೂ ಅಲ್ಲ, ಮಾತೂ ಅಲ್ಲ.

ಅಕ್ಕನ ಮಡಿಲೈತೆ, ಮಲಗೇ ನಂಜಿ

"ತಡಿ, ಮತ್ತೊಮ್ಮೆ ಹಾಡುತ್ತೇನೆ. ಶ್ರುತಿ ಸೇರಲಿಲ್ಲ."

"ಬೇಡ. ಇದೇ ಇರ್ಲಿ." ಅವಳ ಮೂಗು ಕೆಂಪಾಗಿತ್ತು. "ಆ ದೊಡ್ಡವರ ನುಡೀನ ತೆಗೆದ್ಬಿಡ್ಲಾ?"

"ತೆಗೆಯಬೇಡ. ದೊಡ್ಡವರೇ ಎಂದಿರುವಲ್ಲಿ ಚಿಕ್ಕವಳೇ ಎಂದು, ಬಹುವಚನ ಬಿಟ್ಟು ಹಾಡು. ಉಳಿದದ್ದು ಸರಿಯಾಗಿದೆ."

ಹಾಗೆಯೇ ಹಾಡಿದ್ದಾಳೆ. ಆಲ್ಬಂ ಹೊರಬಂದಿದೆ, ನಂಜಿಯ ಹೆಸರನ್ನು ಈಗ ಯಾರ್ಯಾರೋ ಕೇಳುತ್ತಿದ್ದಾರೆ. ಕೇಳಬೇಕೆಂದು ಕಂಬಕ್ಕೊರಗಿ ಕಾಯುತ್ತಿದ್ದವಳು ಕೇಳಲಿಲ್ಲ. ಹಾಡಬೇಕಾದವಳೂ ಹಾಡಲಿಲ್ಲ.

ಪುಸ್ತಕವನ್ನು ಸಿಂಚನ ನನ್ನ ಬಳಿಯೇ ಬಿಟ್ಟು ಹೋದಳು. ಇಂದು ಸೋಮವಾರ. ಸ್ನಾನ, ಪೂಜೆ ಮುಗಿಸಿ ಅದನ್ನು ತೆರೆದೆ. ನನ್ನ ಸಾಲನ್ನು ಹೊಡೆದುಹಾಕಬೇಕೆಂದು ಪೆನ್ನು ತೆಗೆದೆ. ಆದರೆ ಅದರಲ್ಲಿ ಸೋಮೇಶನ ಹೆಸರಿದೆ, ಅವನ ಹೆಸರಿನ ಮೇಲೆ ಗೀಟು ಎಳೆಯಲು ನನ್ನ ಕೈಗೆ ಬಾರದು. ಅವನ ತಪ್ಪೂ ಅದರಲ್ಲಿ ಏನೂ ಇಲ್ಲ. ಸಾಲಿನ ಕೆಳಗೆ ಒಂದು ಬೆರಳಿನಗಲ ಜಾಗ ಖಾಲಿಯಿತ್ತು. ಅಲ್ಲಿ ನಂಜಿ ಎಂದು ಬರೆದೆ. ಅಕ್ಷರ ದುಂಡಗೆ ಬರಲಿಲ್ಲ.